ಮೊದಲು ಕೀಲಿಮಣೆ, ಆಮೇಲೆ ಫೋನು

(ರಾಯಚೂರಿನಲ್ಲಿ ಬರೆಯುವ ಆಸೆಯಿರುವ ಕಾಲೇಜು ಹುಡುಗ ಹುಡುಗಿಯರು ಮತ್ತು ಕೆಲವು ಹಿರಿಯರ ಎದುರು ಆಡಿದ ಮಾತು ಇದು. ಬರಹಕ್ಕಿಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ಶರಣು.

‘ಬರೆಯುವವರಿಗೆ ಏಕಾಗ್ರತೆ ತಂದುಕೊಡುವ ಡಿಜಿಟಲ್ ಸಾಧನಗಳು’ ಅಂತ ನನಗೆ ವಿಷಯ ಕೊಟ್ಟಿದ್ದಾರೆ. ನಾಲ್ಕು ಆ್ಯಪ್‌ಗಳ ಹೆಸರು ಹೇಳಿ, ‘ಇವನ್ನು ಹಾಕಿಕೊಳ್ಳಿ, ಕಾದಂಬರಿ ತಾನಾಗಿ ಮುಗಿಯುತ್ತದೆ’ ಅಂದುಬಿಟ್ಟರೆ ನನಗೂ ಸಲೀಸು, ನಿಮಗೂ ಸಲೀಸು. ಆದರೆ ನಾನು ಮೂಲತಃ ಡಿಟಿಪಿ ಕೆಲಸದವಳು. ಈ ಭಾಗದ ಕವನ ಸಂಕಲನ, ಮೇಷ್ಟ್ರುಗಳ ಅಭಿನಂದನ ಗ್ರಂಥ, ಪಿಎಚ್‌ಡಿ ಪ್ರಬಂಧ, ನಡುನಡುವೆ ಮದುವೆ ಕಾರ್ಡು, ಎಲ್ಲ ಟೈಪ್ ಮಾಡಿದ ಕೈ ಇದು. ಬರೆಯುವವರನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು ಅವರು ಹೇಳಿದ್ದನ್ನು ಹೊಡೆದಿದ್ದೇನೆ. ಅವರ ಗಮನ ಎಲ್ಲಿ ಜಾರುತ್ತದೆ ಅಂತ ಹತ್ತಿರದಿಂದ ನೋಡಿದ್ದೇನೆ. ಆ ಕಡೆಯಿಂದ ಮಾತಾಡುತ್ತೇನೆ.

ಈ ವಿಷಯದ ಮೇಲೆ ಇಂಗ್ಲಿಷಿನಲ್ಲಿ ಬಂದಿರುವ ಬುದ್ಧಿಮಾತೆಲ್ಲ ಇನ್‌ಸ್ಟಾಗ್ರಾಂನಿಂದ, ಯೂಟ್ಯೂಬ್‌ನಿಂದ ಶುರುವಾಗುತ್ತದೆ. ಅವರಿಗೆ ಅದು ಸರಿ. ಯಾಕೆಂದರೆ ಅವರಿಗೆ ಅಕ್ಷರ ಮೂಡಿಸುವುದು ಒಂದು ಸಮಸ್ಯೆಯೇ ಅಲ್ಲ. ಕೀಲಿ ಒತ್ತಿದರೆ ಅಕ್ಷರ ಬಿತ್ತು, ಮುಗಿಯಿತು. ನಮ್ಮಲ್ಲಿ ರೀಲ್ಸ್ ನೋಡುವುದಕ್ಕೂ ಮೊದಲೇ ಗಮನ ಒಡೆದಿರುತ್ತದೆ. ತಲೆಯಲ್ಲಿ ಹುಟ್ಟಿದ ಸಾಲು ಪರದೆಯ ಮೇಲೆ ಬೀಳುವಷ್ಟರಲ್ಲಿ ನಾಲ್ಕು ಕಡೆ ಎಡವುತ್ತದೆ. ಆ ಎಡವುವ ಕಲ್ಲುಗಳನ್ನು ಮೊದಲು ತೆಗೆಯೋಣ. ಆಮೇಲೆ ಫೋನಿನ ಮಾತು.

ನಿಮ್ಮಲ್ಲಿ ಬಹಳ ಜನ ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಸುತ್ತೀರಿ. ಒಂದು ಪದ ಒತ್ತಿದ ಕೂಡಲೇ ಮೇಲಿನ ಪಟ್ಟಿಯಲ್ಲಿ ಮೂರು ನಾಲ್ಕು ಪದ ಬರುತ್ತವೆ. ಕಣ್ಣು ಅಲ್ಲಿಗೆ ಹೋಗಿ, ಆರಿಸಿ, ಮತ್ತೆ ಕೆಳಗಿಳಿಯಬೇಕು. ಕಲ್ಲು ಬರೆಯಹೊರಟವನಿಗೆ ಕಳ್ಳು ಬಂದು ಕೂಡುತ್ತದೆ. ನಕ್ಕುಬಿಡಬಹುದು. ಆದರೆ ಪ್ರತಿ ಪದಕ್ಕೂ ನೀವು ಬರಹಗಾರರಿಂದ ಪರೀಕ್ಷಕರಾಗಿ, ಪರೀಕ್ಷಕರಿಂದ ಬರಹಗಾರರಾಗಿ ವೇಷ ಬದಲಿಸುತ್ತಿದ್ದೀರಿ ಅಂತ ಲೆಕ್ಕ. ಮೆಸೇಜಿಗೆ ಅಡ್ಡಿಯಿಲ್ಲ. ಕಥೆ ಬರೆಯುವಾಗ ಮೂರನೇ ಪ್ಯಾರಾದ ಹೊತ್ತಿಗೆ ದಣಿವಾಗುತ್ತದೆ, ‘ಇವತ್ತು ಮೂಡಿಲ್ಲ’ ಅಂತ ಎದ್ದುಬಿಡುತ್ತೀರಿ. ಮೂಡು ಸರಿಯಾಗಿಯೇ ಇತ್ತು, ಸೋತದ್ದು ಕಣ್ಣು.

ಇದಕ್ಕೆ ಮದ್ದು ಹಳೆಯದು. ನೇರ ಕನ್ನಡ ಅಕ್ಷರ ಕೊಡುವ ಒಂದು ಕೀಲಿಮಣೆ ವಿನ್ಯಾಸ ಕಲಿಯಿರಿ. ಕೆ.ಪಿ. ರಾವ್ ಅವರು ರೂಪಿಸಿದ, ಕರ್ನಾಟಕ ಸರ್ಕಾರ ಒಪ್ಪಿಕೊಂಡ ವಿನ್ಯಾಸ ನುಡಿ ತಂತ್ರಾಂಶದಲ್ಲಿದೆ. 26 ಕೀಲಿಗಳಲ್ಲಿ ಇಡೀ ಕನ್ನಡ ಕೂತಿದೆ. ಒತ್ತಕ್ಷರ ಬೇಕಾದಾಗ ನಡುವೆ ‘ಎಫ್’ ಒತ್ತಿದರಾಯಿತು. ಇನ್ನೊಂದು, ಕೇಂದ್ರ ಸರ್ಕಾರ 1986ರಲ್ಲಿ ತಂದ ಇನ್‌ಸ್ಕ್ರಿಪ್ಟ್. ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ವಿಂಡೋಸ್‌ನಲ್ಲಿ ಅದು ಮೊದಲಿನಿಂದ ಇದೆ, 2019ರಿಂದ ಕನ್ನಡ ಫೊನೆಟಿಕ್ ಕೂಡ ಬಂದಿದೆ. 1998ರಲ್ಲಿ ಬಂದ ‘ಬರಹ’ ತಂತ್ರಾಂಶದಲ್ಲಿ ಕೈ ಪಳಗಿದವರೂ ಇಲ್ಲಿ ಇದ್ದೀರಿ. ಯಾವುದು ಮೇಲು ಅಂತ ಜಗಳಕ್ಕೆ ಬೀಳಬೇಡಿ. ಒಂದನ್ನು ಹಿಡಿದು, ಕೀಲಿ ನೋಡದೆ ಹೊಡೆಯುವ ತನಕ ಬಿಡಬೇಡಿ. ಮೊದಮೊದಲು ಬೆರಳು ತಡವರಿಸುತ್ತವೆ, ಸಿಟ್ಟು ಬರುತ್ತದೆ. ಆಮೇಲೆ ಕೀಲಿಮಣೆ ಇದೆ ಅನ್ನುವುದೇ ಮರೆತುಹೋಗುತ್ತದೆ. ಏಕಾಗ್ರತೆಯ ಸಾಧನ ಅಂತ ನಾನು ಒಂದೇ ಒಂದನ್ನು ಹೆಸರಿಸಬೇಕೆಂದರೆ ಇದನ್ನೇ ಹೆಸರಿಸುತ್ತೇನೆ. ದುಡ್ಡಿಲ್ಲ, ಜಾಹೀರಾತಿಲ್ಲ, ಚಾರ್ಜಿಂಗೂ ಬೇಡ.

ಎರಡನೆಯ ಕಲ್ಲು ಕೆಂಪು ಗೆರೆ. ಇಲ್ಲಿರುವ ಹಿರಿಯರಿಗೆ ಇದು ಚೆನ್ನಾಗಿ ಗೊತ್ತು. ಹಳೆಯ ನುಡಿ ಫಾಂಟಿನಲ್ಲಿ ವರ್ಡ್ ತೆರೆದು ಬರೆದರೆ ಪುಟದ ತುಂಬ ಕೆಂಪು ಅಲೆ. ಯಾಕೆಂದರೆ ಆ ಫಾಂಟುಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಒಳಗೆ ಕಂಪ್ಯೂಟರ್ ಇಟ್ಟುಕೊಂಡಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿತ್ರವಿಚಿತ್ರ ಚಿಹ್ನೆಗಳು. ವರ್ಡ್ ಪಾಪ ಅದನ್ನು ಇಂಗ್ಲಿಷ್ ಅಂತಲೇ ಓದಿ, ‘ಒಂದು ಪದವೂ ಸರಿಯಿಲ್ಲ’ ಅನ್ನುತ್ತದೆ. ಸಾಲದ್ದಕ್ಕೆ ವಾಕ್ಯದ ಮೊದಲ ಅಕ್ಷರ ದೊಡ್ಡದಿರಬೇಕು ಅನ್ನುವ ಇಂಗ್ಲಿಷಿನ ಶಿಸ್ತನ್ನು ನಮ್ಮ ಮೇಲೂ ಹೇರುತ್ತದೆ. ಆ ಫಾಂಟಿನಲ್ಲಿ ದೊಡ್ಡ ಅಕ್ಷರ ಚಿಕ್ಕ ಅಕ್ಷರ ಬೇರೆಬೇರೆ ಕನ್ನಡ ಅಕ್ಷರಗಳಾದ್ದರಿಂದ ನೀವು ಬರೆದದ್ದು ಒಂದು, ಪರದೆಯಲ್ಲಿ ನಿಂತದ್ದು ಇನ್ನೊಂದು. ಡಿಟಿಪಿ ಅಂಗಡಿಯಲ್ಲಿ ಹೊಸ ಕಂಪ್ಯೂಟರ್ ಬಂದರೆ ಊದುಬತ್ತಿ ಹಚ್ಚಿ ಕೈ ಮುಗಿದ ಮೇಲೆ ಮಾಡುವ ಮೊದಲ ಕೆಲಸವೇ ಆಟೋಕರೆಕ್ಟ್ ಆಫ್ ಮಾಡುವುದು. ನೀವೂ ಮಾಡಿ. ಫೈಲ್, ಆಪ್ಷನ್ಸ್, ಪ್ರೂಫಿಂಗ್ ಅಂತ ಹೋದರೆ ಟೈಪ್ ಮಾಡುವಾಗಲೇ ಕಾಗುಣಿತ ನೋಡುವ ಟಿಕ್ ಸಿಗುತ್ತದೆ, ತೆಗೆದುಬಿಡಿ. ಕಾಗುಣಿತ ನೋಡಲು ಬರೆದು ಮುಗಿದ ಮೇಲೆ ಬೇಕಾದಷ್ಟು ಹೊತ್ತಿದೆ.

ಆದರೆ ಸರಿಯಾದ ದಾರಿ ಯೂನಿಕೋಡ್, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಸಂಖ್ಯೆ ಕೊಡುವ ಪದ್ಧತಿ. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಜಾಗ ಮೀಸಲಾಗಿತ್ತು. ಇಷ್ಟು ವರ್ಷವಾದರೂ ಹಳೆಯ ಫಾಂಟಿನಲ್ಲಿ ಬರೆದು, ಪತ್ರಿಕೆಗೆ ಕಳಿಸುವಾಗ ಪರಿವರ್ತಿಸಿ, ಪರಿವರ್ತನೆಯಲ್ಲಿ ಕೆಟ್ಟ ಅಕ್ಷರ ಹುಡುಕಿ ಸರಿಮಾಡುತ್ತ ಕೂರುವವರು ನಮ್ಮಲ್ಲಿ ಬಹಳ. ಅವರ ಒಂದು ಸಂಜೆ ಅದರಲ್ಲೇ ಹೋಗುತ್ತದೆ. ಲ್ಯಾಪ್‌ಟಾಪಿನಲ್ಲಿ ಬರೆದದ್ದು ಫೋನಿನಲ್ಲಿ ತೆರೆಯಬೇಕು, ಬಸ್ಸಿನಲ್ಲಿ ತಿದ್ದಿದ್ದು ಮನೆಯ ಕಂಪ್ಯೂಟರಿಗೆ ಬರಬೇಕು ಅಂದರೆ ಯೂನಿಕೋಡ್ ಬಿಟ್ಟರೆ ಗತಿಯಿಲ್ಲ.

ಇನ್ನು ಫೋನಿಗೆ ಬರೋಣ.

ಸೋಫಿ ಲೆರಾಯ್ ಅನ್ನುವ ಸಂಶೋಧಕಿ 2009ರಲ್ಲಿ ಒಂದು ವಿಷಯ ತೋರಿಸಿಕೊಟ್ಟರು. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಮನಸ್ಸು ಪೂರ್ತಿ ಬರುವುದಿಲ್ಲ, ಹಿಂದಿನದಕ್ಕೆ ಅದರ ಒಂದು ತುಣುಕು ಅಂಟಿಕೊಂಡೇ ಇರುತ್ತದೆ. ಜೋಳದ ರೊಟ್ಟಿ ಬಡಿಯುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಯಾರೋ ಕರೆದರು ಅಂತ ನಡುವೆ ಕೈ ಬಿಟ್ಟು ಬಂದರೆ ಅಂಚು ಒಡೆದಿರುತ್ತದೆ, ಮತ್ತೆ ಎಷ್ಟು ಬಡಿದರೂ ಅದೇ ರೊಟ್ಟಿಯಾಗದು. ‘ಒಂದೇ ನಿಮಿಷ ವಾಟ್ಸ್‌ಆ್ಯಪ್ ನೋಡಿ ಬಂದೆ’ ಅನ್ನುವವರು ಆ ಒಂದು ನಿಮಿಷವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಗುಂಪಿನಲ್ಲಿ ಯಾರೋ ಯಾರನ್ನೋ ಬೈದದ್ದು ಓದಿ ಬಂದ ಮೇಲೆ ನಿಮ್ಮ ನಾಯಕಿಯ ದುಃಖ ಬರೆಯಲು ಎಷ್ಟು ಹೊತ್ತು ಬೇಕು ಅನ್ನುವುದು ಆ ಲೆಕ್ಕದಲ್ಲಿ ಬರುವುದಿಲ್ಲ.

ಫೋನ್ ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದರೂ ಯೋಚನೆಯ ಶಕ್ತಿ ಕುಗ್ಗುತ್ತದೆ ಅಂತ 2017ರಲ್ಲಿ ಅಮೆರಿಕದ ಒಂದು ಅಧ್ಯಯನ ಹೇಳಿತ್ತು. ಬಹಳ ಸುದ್ದಿಯಾಯಿತು. ಆಮೇಲೆ ಅದೇ ಪ್ರಯೋಗ ಮಾಡಿದ ಎಲ್ಲರಿಗೂ ಅದೇ ಫಲ ಸಿಗಲಿಲ್ಲ. ಆದ್ದರಿಂದ ಅದನ್ನು ವೇದವಾಕ್ಯ ಮಾಡಬೇಡಿ. ಪಕ್ಕದ ಕೋಣೆಯಲ್ಲಿ ಫೋನ್ ಇಟ್ಟು ಬಂದರೆ ಹೇಗನ್ನಿಸುತ್ತದೆ ಅಂತ ನೀವೇ ನೋಡಿಕೊಳ್ಳಿ, ಖರ್ಚೇನೂ ಇಲ್ಲ.

ತಡೆಯೊಡ್ಡುವ ತಂತ್ರಾಂಶಗಳು ಇವೆ. ಫ್ರೀಡಂ, ಕೋಲ್ಡ್ ಟರ್ಕಿ, ಬ್ರೌಸರ್‌ಗೆ ಸೇರಿಸುವ ಲೀಚ್‌ಬ್ಲಾಕ್. ನೀವು ಹೇಳಿದ ಜಾಲತಾಣಗಳನ್ನು ಹೇಳಿದಷ್ಟು ಹೊತ್ತು ಮುಚ್ಚಿಡುತ್ತವೆ. ಕೋಲ್ಡ್ ಟರ್ಕಿಯವರದೇ ಇನ್ನೊಂದು ಇದೆ, ಇಷ್ಟು ಪದ ಬರೆಯುವ ತನಕ ಇಡೀ ಕಂಪ್ಯೂಟರನ್ನೇ ಬಿಟ್ಟುಕೊಡುವುದಿಲ್ಲ. ಇದಕ್ಕಿಂತ ಕ್ರೂರವಾದದ್ದೂ ಇದೆ. ‘ದಿ ಮೋಸ್ಟ್ ಡೇಂಜರಸ್ ರೈಟಿಂಗ್ ಆ್ಯಪ್’ ಅಂತ 2016ರಲ್ಲಿ ಬಂತು. ಬರೆಯುವುದನ್ನು ಕೆಲವು ಸೆಕೆಂಡ್ ನಿಲ್ಲಿಸಿದರೆ ಅಲ್ಲಿಯವರೆಗೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ‘ರಾಷ್ಟ್ರೋತ್ಥಾನ’ದ ಒತ್ತು ಹುಡುಕುವಷ್ಟರಲ್ಲಿ ನಮ್ಮ ಕಥೆ ಮುಗಿದಿರುತ್ತದೆ.

ನನ್ನ ಕೇಳಿದರೆ ಇವಕ್ಕೆ ದುಡ್ಡು ಕೊಡಬೇಡಿ. ಇಲ್ಲಿ ಮುಕ್ಕಾಲು ಜನರ ಲ್ಯಾಪ್‌ಟಾಪಿಗೆ ಇಂಟರ್‌ನೆಟ್ ಬರುವುದೇ ಫೋನಿನ ಹಾಟ್‌ಸ್ಪಾಟಿನಿಂದ. ಹಾಟ್‌ಸ್ಪಾಟ್ ಆಫ್ ಮಾಡಿದರೆ ಲೋಕದ ಅತ್ಯುತ್ತಮ ಬ್ಲಾಕರ್ ನಿಮ್ಮ ಕೈಯಲ್ಲೇ ಇದ್ದಂತೆ. ನೆಟ್ ಇಲ್ಲದೆ ಬರೆಯಲು ಫೋಕಸ್‌ರೈಟರ್ ಅನ್ನುವ ಉಚಿತ ತಂತ್ರಾಂಶ ಹಾಕಿಕೊಳ್ಳಿ. ತೆರೆದರೆ ಪರದೆಯ ತುಂಬ ಬರೀ ಪುಟ. ಮೆನು ಇಲ್ಲ, ಗಡಿಯಾರ ಇಲ್ಲ, ಬಣ್ಣದ ಗುಂಡಿಗಳಿಲ್ಲ. ಮೌಸನ್ನು ಅಂಚಿಗೆ ಒಯ್ದರೆ ಮಾತ್ರ ಅವು ಇಣುಕುತ್ತವೆ. ಯೂನಿಕೋಡ್ ಕನ್ನಡಕ್ಕೆ ತೊಂದರೆಯಿಲ್ಲ.

ಕಾದಂಬರಿ ಬರೆಯುವವರು ಸ್ಕ್ರಿವನರ್ ಹೆಸರು ಕೇಳಿರುತ್ತೀರಿ, 2007ರಿಂದ ಇದೆ. ಅಧ್ಯಾಯಗಳನ್ನು ಚೀಟಿಗಳ ಹಾಗೆ ಹಿಂದೆ ಮುಂದೆ ಸರಿಸಬಹುದು. ಒಳ್ಳೆಯದೇ. ಆದರೆ ಉಚಿತವಾಗಿ ಸಿಗುವ ಲಿಬ್ರೆ ಆಫೀಸಿನಲ್ಲಿ ಅಧ್ಯಾಯದ ಹೆಸರುಗಳಿಗೆ ಹೆಡಿಂಗ್ ಶೈಲಿ ಕೊಟ್ಟು ಎಫ್5 ಒತ್ತಿ ನೋಡಿ. ನ್ಯಾವಿಗೇಟರ್ ತೆರೆದುಕೊಳ್ಳುತ್ತದೆ, ಅಲ್ಲೇ ಅಧ್ಯಾಯ ಎಳೆದು ಬೇರೆ ಕಡೆ ಇಡಬಹುದು. ಮೊದಲ ಕಾದಂಬರಿಗೆ ಅಷ್ಟು ಸಾಕು.

ಲಿಬ್ರೆ ಆಫೀಸ್ ಅಂದಾಗ ನೆನಪಾಯಿತು. ವರ್ಡ್ ಆಗಲಿ ಇದಾಗಲಿ, ಕರೆಂಟ್ ಹೋದರೆ ಉಳಿಸಿಕೊಡುವ ಪ್ರತಿಯನ್ನು ತಾನಾಗಿ 10 ನಿಮಿಷಕ್ಕೊಮ್ಮೆ ಮಾಡುತ್ತದೆ. ಬೆಂಗಳೂರಿನ ಯುಪಿಎಸ್ ಇರುವ ಆಫೀಸಿಗೆ ಅದು ಸರಿ. ಶಕ್ತಿನಗರದಲ್ಲಿ 1720 ಮೆಗಾವ್ಯಾಟ್, ಯರಮರಸ್‌ನಲ್ಲಿ 1600 ಮೆಗಾವ್ಯಾಟ್ ಸಾಮರ್ಥ್ಯದ ಸ್ಥಾವರ ಇಟ್ಟುಕೊಂಡ ಜಿಲ್ಲೆ ನಮ್ಮದು, ಬೂದಿ ನಮಗೆ, ಬೆಳಕು ಊರಿಗೆಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಇಟ್ಟುಕೊಂಡು ಬರೆಯುವವರು ಆ 10ನ್ನು 1 ಮಾಡಿಕೊಳ್ಳಿ. ಕಳೆದುಹೋಗುತ್ತದೆ ಅನ್ನುವ ಭಯ ತಲೆಯ ಮೂಲೆಯಲ್ಲಿ ಇರುವವರೆಗೆ ಏಕಾಗ್ರತೆ ಎಲ್ಲಿಂದ ಬರಬೇಕು?

ಪೊಮೊಡೊರೊ ವಿಧಾನ ಬಹಳ ಜನರಿಗೆ ಗೊತ್ತು. 1980ರ ದಶಕದ ಕೊನೆಗೆ ಫ್ರಾನ್ಸೆಸ್ಕೊ ಸಿರಿಲ್ಲೊ ಅನ್ನುವ ಇಟಲಿಯ ವಿದ್ಯಾರ್ಥಿ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಓದಲು ಶುರುಮಾಡಿದ. 25 ನಿಮಿಷ ಕೆಲಸ, 5 ನಿಮಿಷ ಬಿಡುವು, ನಾಲ್ಕು ಸುತ್ತಾದ ಮೇಲೆ ದೊಡ್ಡ ಬಿಡುವು. ಈಗ ಇದಕ್ಕೆ ನೂರಾರು ಆ್ಯಪ್. ಗಿಡ ಬೆಳೆಸುವ ‘ಫಾರೆಸ್ಟ್’ ಕೂಡ ಈ ಜಾತಿಯದೇ. ನಡುವೆ ಫೋನ್ ಮುಟ್ಟಿದರೆ ಪರದೆಯ ಗಿಡ ಒಣಗುತ್ತದೆ. ಅನುವಾದಕ್ಕೆ, ಕರಡು ತಿದ್ದುವುದಕ್ಕೆ, ವರದಿ ಬರೆಯುವುದಕ್ಕೆ ಇದು ಬಹಳ ಚೆನ್ನಾಗಿ ಒಗ್ಗುತ್ತದೆ. ಕಥೆಗೆ ಒಗ್ಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಪಾತ್ರ ಬಾಯಿಬಿಡಲು ಶುರುಮಾಡುವುದೇ ಇಪ್ಪತ್ತನೇ ನಿಮಿಷಕ್ಕೆ, ಇಪ್ಪತ್ತೈದಕ್ಕೆ ಗಂಟೆ ಹೊಡೆದರೆ ಅದು ಮತ್ತೆ ಬಾಯಿ ಮುಚ್ಚುತ್ತದೆ. ಟೈಮರ್ ಬೇಕೇ ಬೇಕು ಅನ್ನುವವರು ಕುಳಿತುಕೊಳ್ಳುವುದಕ್ಕೆ ಇಟ್ಟುಕೊಳ್ಳಿ, ಏಳುವುದಕ್ಕೆ ಬೇಡ.

ಈಗ ಪದಗಳ ಲೆಕ್ಕದ ಹುಚ್ಚಿನ ಬಗ್ಗೆ ಸ್ವಲ್ಪ ಹೆಚ್ಚೇ ಮಾತಾಡುತ್ತೇನೆ. ಅಮೆರಿಕದಲ್ಲಿ 1999ರಲ್ಲಿ ಶುರುವಾಗಿ, ಮರುವರ್ಷದಿಂದ ನವೆಂಬರ್ ಬಂದರೆ ಒಂದೇ ತಿಂಗಳಲ್ಲಿ 50,000 ಪದದ ಕಾದಂಬರಿ ಬರೆಯುವ ಪಂದ್ಯ ನಡೆಯುತ್ತಿತ್ತು, ನ್ಯಾನೊರೈಮೊ ಅಂತ. ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಬಾಗಿಲು ಹಾಕಿತು. ಆದರೆ ‘ದಿನಕ್ಕೆ 1,667 ಪದ’ ಅನ್ನುವ ಅದರ ಲೆಕ್ಕ ಈಗಲೂ ಊರೂರು ಅಲೆಯುತ್ತಿದೆ. ನಮ್ಮ ಹುಡುಗರೂ ಅದನ್ನೇ ಗುರಿಯಿಟ್ಟುಕೊಂಡು, ಆಗದೆ, ತಾವು ಸೋಮಾರಿಗಳು ಅಂದುಕೊಳ್ಳುತ್ತಾರೆ.

ಲೆಕ್ಕವೇ ನಮ್ಮದಲ್ಲ. ‘ಬರೆಯಬೇಕೆಂದುಕೊಂಡಿದ್ದೆನಲ್ಲ’ ಅನ್ನುವುದು ಕಂಪ್ಯೂಟರಿಗೆ ಒಂದೇ ಪದ, ನಡುವೆ ಖಾಲಿ ಜಾಗ ಇಲ್ಲವಲ್ಲ. ಇಂಗ್ಲಿಷಿನವನು ಇದೇ ಮಾತಿಗೆ ಐದಾರು ಪದ ದಾಖಲಿಸಿಕೊಳ್ಳುತ್ತಾನೆ. ಸಾವಿರ ಪದದ ಕನ್ನಡ ಪ್ರಬಂಧದಲ್ಲಿ ಇರುವ ಸರಕು ಸಾವಿರ ಪದದ ಇಂಗ್ಲಿಷ್ ಪ್ರಬಂಧದಲ್ಲಿ ಇರುವುದಿಲ್ಲ. ಅಕ್ಷರ ಎಣಿಸೋಣ ಅಂದರೆ ಅದೂ ಹಾಳು. ‘ಸ್ತ್ರೀ’ ನಮಗೆ ಒಂದು ಅಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ಸ, ಹಲಂತ, ತ, ಹಲಂತ, ರ, ದೀರ್ಘ ಈಕಾರ ಸೇರಿ ಆರು. ಇನ್ನು ನಾವು ರಾಯಚೂರಿನವರು ಮಾತಾಡುವ ಹಾಗೆ ಬರೆದರೆ ಪದಗಳು ಇನ್ನಷ್ಟು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಹಾಗಾಗಿ ಎಷ್ಟು ಪದ ಅಂತ ನೋಡುವ ಬದಲು ಎಷ್ಟು ಹೊತ್ತು ಕುಳಿತೆ ಅಂತ ನೋಡಿ. ಅಥವಾ ಒಂದು ದೃಶ್ಯ ಮುಗಿಯಿತೇ ಅಂತ ನೋಡಿ. ಫೋಕಸ್‌ರೈಟರ್‌ನಲ್ಲಿ ದಿನದ ಗುರಿಯನ್ನು ಪದದ ಬದಲು ನಿಮಿಷದಲ್ಲೂ ಇಡಬಹುದು, ಆ ಸೌಲಭ್ಯ ಬಳಸಿಕೊಳ್ಳಿ.

ಇನ್ನೊಂದು, ಧ್ವನಿ ಟೈಪಿಂಗ್. 2017ರ ಆಗಸ್ಟ್‌ನಲ್ಲಿ ಗೂಗಲ್ ಕನ್ನಡವೂ ಸೇರಿ ಭಾರತದ ಎಂಟು ಭಾಷೆಗಳಿಗೆ ಹೊಸದಾಗಿ ಇದನ್ನು ತೆರೆಯಿತು. ನಮ್ಮ ನೆಲಕ್ಕೆ ಇದು ಹೇಳಿ ಮಾಡಿಸಿದ್ದು ಅಂತ ನನಗೆ ಅನ್ನಿಸಿತ್ತು. ದಾಸರು ಹಾಡುತ್ತ ತಿರುಗಿದ ಊರುಗಳು ಇವು. ಮೊಹರಂ ಬಂತೆಂದರೆ ಓದುಬರಹ ಇಲ್ಲದವರೂ ರಿವಾಯತ್ ಪದ ಕಟ್ಟಿ ಹಾಡುವ ನಾಡು. ಪೆನ್ನು ಹಿಡಿದರೆ ಬರದ ಸಾಲು ಬಾಯಿಗೆ ಬರುವ ಮಂದಿ ನಾವು. ಮೊದಲ ಕರಡಿಗೆ ಇದು ನಿಜಕ್ಕೂ ಒಳ್ಳೆಯದು. ಕೀಲಿಮಣೆ ಇಲ್ಲ, ಆರಿಸುವ ಪಟ್ಟಿ ಇಲ್ಲ, ಹೊಲದ ಬದುವಿನ ಮೇಲೆ ನಡೆಯುತ್ತ ಹೇಳಿದರೂ ಬರೆದುಕೊಳ್ಳುತ್ತದೆ. ಪೂರ್ಣವಿರಾಮ, ಅಲ್ಪವಿರಾಮ ಆಮೇಲೆ ನೀವೇ ಹಾಕಬೇಕು.

ತೊಡಕು ಬೇರೆ ಕಡೆ ಇದೆ. ಪುಸ್ತಕದ ಕನ್ನಡ ಮಾತಾಡಿದರೆ ಅದು ಚಂದ ಹಿಡಿಯುತ್ತದೆ. ‘ಹೋಗ್ಯಾನ’, ‘ಮಾಡ್ಲಿಕತ್ತೀನಿ’, ‘ಹಂಗ್ಯಾಕ ಅಂತೀ’ ಅಂದರೆ ತಡಬಡಿಸುತ್ತದೆ. ಟೈಪ್ ಮಾಡುವಾಗಲೂ ಅಷ್ಟೇ, ‘ಹೋಗ್ಯಾ’ ಅನ್ನುವಷ್ಟರಲ್ಲಿ ಬೇರೆ ಯಾವುದೋ ಶಿಷ್ಟ ಪದ ಮುಂದಿಟ್ಟು ಕಾಯುತ್ತದೆ. ಅವಸರದಲ್ಲಿ ಅದನ್ನೇ ಒತ್ತುತ್ತೇವೆ. ಹೀಗೆ ಒತ್ತುತ್ತ ಒತ್ತುತ್ತ ಸಿಂಧನೂರಿನ ಅಜ್ಜಿ ಕಥೆಯಲ್ಲಿ ಮೈಸೂರಿನವಳ ಹಾಗೆ ಮಾತಾಡತೊಡಗುತ್ತಾಳೆ. ಡಿಟಿಪಿಗೆ ಬರುವ ಹೊಸ ಹುಡುಗರ ಕಥೆಗಳಲ್ಲಿ ಇದನ್ನು ನಾನು ಕಾಣುತ್ತಿದ್ದೇನೆ: ನಿರೂಪಣೆ ಸರಿ, ಸಂಭಾಷಣೆ ಚಪ್ಪೆ. ‘ಯಾಕಪ್ಪಾ, ನಿಮ್ಮನೇಲಿ ಹಿಂಗ ಮಾತಾಡ್ತಾರೇನು?’ ಅಂತ ಕೇಳಿದರೆ ಆಗ ಅವರಿಗೇ ಆಶ್ಚರ್ಯ. ವೇಗ ಕೊಡುವ ಸಾಧನ ದಾರಿಯನ್ನೂ ತಾನೇ ಆರಿಸುತ್ತದೆ, ಇದು ಗೊತ್ತಿದ್ದರೆ ಸಾಕು. ಗೂಗಲ್‌ನ ಕೀಲಿಮಣೆ ಆ್ಯಪ್ ಆದ ಜಿಬೋರ್ಡ್‌ನ ಸೆಟ್ಟಿಂಗ್ಸ್‌ನಲ್ಲಿ ಡಿಕ್ಷನರಿ, ಅದರೊಳಗೆ ಪರ್ಸನಲ್ ಡಿಕ್ಷನರಿ ಇದೆ. ಬರೆಯಲು ಕೂರುವ ಮೊದಲು ನಿಮ್ಮ ಪಾತ್ರಗಳ ಬಾಯಲ್ಲಿ ಬರುವ ಮಾತುಗಳನ್ನು ಅದಕ್ಕೆ ತುಂಬಿಸಿಡಿ. ಸಂಭಾಷಣೆ ಬರೆಯುವಾಗ ಸಲಹೆಯ ಪಟ್ಟಿಯನ್ನೇ ಮುಚ್ಚಿದರೆ ಇನ್ನೂ ಮೇಲು.

ಕೃತಕ ಬುದ್ಧಿಮತ್ತೆಯ ಬಗ್ಗೆ ಮಾತಾಡಲೇಬೇಕು ಅಂತ ಚೀಟಿ ಬಂದಿದೆ. ಅದಕ್ಕೆ ಇನ್ನೊಂದು ದಿನ ಬೇಕು, ಬೇರೆ ಉಪನ್ಯಾಸಕರೂ ಬೇಕು. ಪ್ರಶ್ನೆಗಳಿಗೆ ಹೋಗೋಣ.

ನಿವೃತ್ತ ಮೇಷ್ಟ್ರೊಬ್ಬರು ಎದ್ದು, “ತಂಗೀ, ನನಗೆ ಈ ಟೈಪಿಂಗ್ ಈ ಜನ್ಮದಾಗ ಬರೂದಿಲ್ಲ. ನೋಟ್‌ಬುಕ್ಕಿನ್ಯಾಗ ಬರೀತೀನಿ. ನಾ ಏನ್ ಮಾಡ್ಲಿ?” ಅಂತ ಕೇಳಿದರು.

ಏನೂ ಮಾಡಬೇಡಿ ಸರ್, ನೋಟ್‌ಬುಕ್ಕಿನಲ್ಲೇ ಬರೆಯಿರಿ. ಈ ಕೋಣೆಯಲ್ಲಿ ಎಲ್ಲರಿಗಿಂತ ಏಕಾಗ್ರತೆ ನಿಮಗೇ ಇದೆ. ಒಂದೇ ಕೆಲಸ ಸೇರಿಸಿಕೊಳ್ಳಿ: ದಿನದ ಬರವಣಿಗೆ ಮುಗಿದ ಮೇಲೆ ಪುಟದ ಫೋಟೊ ತೆಗೆದು ಗೂಗಲ್ ಡ್ರೈವಿಗೆ ಹಾಕಲು ಮೊಮ್ಮಕ್ಕಳಿಗೆ ಹೇಳಿ. ಗೆದ್ದಲು, ಮಳೆ, ರದ್ದಿಯವನು, ಯಾರ ಭಯವೂ ಇಲ್ಲ. ಫೋನಿನಲ್ಲಿ ಬರೆಯಲೇಬೇಕು ಅನ್ನಿಸಿದರೆ ಜಿಬೋರ್ಡ್‌ನಲ್ಲಿ ಕನ್ನಡ ಕೈಬರಹ ಆರಿಸಿಕೊಳ್ಳಿ. ಪರದೆಯ ಮೇಲೆ ಬೆರಳಿಂದ ಬರೆದರೆ ಅಚ್ಚಿನ ಅಕ್ಷರವಾಗುತ್ತದೆ. ಪತ್ರಕ್ಕೆ ಸಾಕು, ಪುಸ್ತಕಕ್ಕೆ ಬೇಡ.

ಹಿಂದಿನ ಸಾಲಿನ ಹುಡುಗಿ: “ಅಕ್ಕಾ, ನನ್ಹತ್ರ ಲ್ಯಾಪ್‌ಟಾಪ್ ಇಲ್ರಿ, ಫೋನ್ ಒಂದೇ ಅದ. ಅದ್ರಾಗೇ ಕಾಲೇಜಿನ ಗ್ರೂಪು, ಅದ್ರಾಗೇ ಮನೆಯವರ ಫೋನು. ಕವಿತೀನೂ ವಾಟ್ಸ್‌ಆ್ಯಪ್‌ನಾಗ ನನಗ ನಾನೇ ಕಳಿಸ್ಕೋತೀನಿ.”

ಈ ಊರಿನ ಬಹುಪಾಲು ಬರಹಗಾರರ ಸ್ಥಿತಿ ಇದೇ ಅಮ್ಮಾ. ತನಗೆ ತಾನೇ ಮೆಸೇಜ್ ಕಳಿಸಿಕೊಳ್ಳುವ ಸೌಲಭ್ಯ ಬಂದ ಮೇಲೆ ಬಹಳ ಕವಿತೆಗಳು ಅಲ್ಲೇ ಹುಟ್ಟಿ ಅಲ್ಲೇ ಕೆಳಗೆ ಸರಿದುಹೋಗಿವೆ. ಬರೆಯಲು ಅದಕ್ಕಿಂತ ಕೆಟ್ಟ ಜಾಗ ಇಲ್ಲ. ನಿನ್ನ ಕವಿತೆಗೆ ಹೋಗುವ ದಾರಿಯಲ್ಲೇ ಇಪ್ಪತ್ತು ಗುಂಪುಗಳ ಬಾಗಿಲು ತೆರೆದಿರುತ್ತವೆ. ಗೂಗಲ್ ಕೀಪ್ ಹಾಕಿಕೊಂಡು ಅದರ ವಿಜೆಟ್ಟನ್ನು ಹೋಂ ಸ್ಕ್ರೀನಿನ ಮೇಲೆ ಇಟ್ಟುಕೋ, ಒಂದು ಒತ್ತಿಗೆ ನೇರ ಖಾಲಿ ಪುಟ. ಉದ್ದದ ಬರಹಕ್ಕೆ ಗೂಗಲ್ ಡಾಕ್ಸ್ ತೆರೆದು, ಆ ಕಡತವನ್ನು ಆಫ್‌ಲೈನ್ ಸಿಗುವಂತೆ ಗುರುತು ಮಾಡಿಡು. ಆಂಡ್ರಾಯ್ಡ್ ಫೋನಿನ ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿ ಫೋಕಸ್ ಮೋಡ್ ಇದೆ. ಯಾವ ಆ್ಯಪ್ ಬೇಡ ಅಂತ ಗುರುತಿಸಿ, ಬೆಳಿಗ್ಗೆ ಐದರಿಂದ ಆರು ಅಂತ ವೇಳೆ ಕೊಟ್ಟರೆ ಆ ಒಂದು ಗಂಟೆ ಅವು ತೆರೆಯುವುದೇ ಇಲ್ಲ. ಕಾಲ್ ಬರುತ್ತವೆ, ಮನೆಯವರು ಗಾಬರಿಯಾಗುವುದಿಲ್ಲ. ಪರದೆ ಒಡೆದದ್ದಾದರೂ ಸರಿ, ಮನೆಯಲ್ಲಿ ಯಾರದಾದರೂ ಹಳೆಯ ಫೋನ್ ಮೂಲೆಗೆ ಬಿದ್ದಿದ್ದರೆ ಸಿಮ್ ತೆಗೆದು, ಎಲ್ಲ ಅಳಿಸಿ, ಕೀಲಿಮಣೆ ಮತ್ತು ಡಾಕ್ಸ್ ಎರಡನ್ನೇ ಹಾಕಿಕೋ. ವಾರಕ್ಕೊಮ್ಮೆ ನಿನ್ನ ಫೋನಿನ ಹಾಟ್‌ಸ್ಪಾಟ್‌ಗೆ ಜೋಡಿಸಿದರೆ ಬರೆದದ್ದೆಲ್ಲ ಡ್ರೈವಿಗೆ ಹೋಗುತ್ತದೆ. ಆ ಫೋನಿಗೆ ವಾಟ್ಸ್‌ಆ್ಯಪ್ ಹಾಕು ಅಂತ ತಮ್ಮ ಎಷ್ಟು ಕಾಡಿದರೂ ಹಾಕಬೇಡ.